ಓಣಿಯ ಮಗ್ಗ ನಿಲ್ಲಿಸಿ ಕೇಳಿದ ಪಂಪು

ಯಾವ ಗಾಡಿಯೇ ಆಗಲಿ, ಕೀಲಿ ತಿರುವಿದ ಕೂಡಲೇ ಹೊರಡುವುದು ನನ್ನಿಂದ ಆಗುವುದಿಲ್ಲ. ಕೀಲಿ ತಿರುವಿ, ಕೈ ತೊಡೆಯ ಮೇಲಿಟ್ಟುಕೊಂಡು, ತಲೆ ತುಸು ವಾಲಿಸಿ ಸುಮ್ಮನೆ ಕೂಡುತ್ತೇನೆ. ಆಮೇಲೆ ಗಾಡಿ ಚಾಲೂ ಮಾಡುತ್ತೇನೆ. ತಂಗಿಯ ಮಗಳು ಮೊದಮೊದಲು ಇದನ್ನು ಭಕ್ತಿ ಎಂದುಕೊಂಡಿದ್ದಳು. "ದೊಡ್ಡವ್ವಾ, ಕೈ ಮುಗಿಯೂದು ಮುಗಿದಿದ್ರ ಹೋಗೂಣೇನು?" ಎಂದು ಕೇಳುತ್ತಿದ್ದಳು. ನಾನೂ ತಿದ್ದಲು ಹೋಗಲಿಲ್ಲ. ಈ ವಯಸ್ಸಿನಲ್ಲಿ ಭಕ್ತಿವಂತೆ ಎಂದು ನಾಲ್ಕು ಮಂದಿ ತಿಳಿದರೆ ನಷ್ಟವೇನಿದೆ? ಆದರೆ ನಿಮ್ಮ ಮುಂದೆ ಮುಚ್ಚಿಡುವುದೇಕೆ, ನಾನು ಹಾಗೆ ಕೂತು ಕೇಳುತ್ತಿರುವುದು ಒಂದು ಪಂಪಿನ ಸಪ್ಪಳವನ್ನು. ಆ ಪಂಪು ಇದ್ದ ಗಾಡಿ ಎಂದೋ ಗುಜರಿ ಸೇರಿದೆ. ಕಿವಿಗೆ ಬಿದ್ದ ರೂಢಿ ಮಾತ್ರ ಹೋಗಿಲ್ಲ.

ಪಂಪು ಎಂದರೆ ರಸ್ತೆ ಬದಿಯಲ್ಲಿ ನಿಂತು ಪೆಟ್ರೋಲು ಹಾಕುವ ಪಂಪಲ್ಲ. ಹಿಂದಿನ ಟಾಕಿಯಲ್ಲಿರುವ ಪೆಟ್ರೋಲನ್ನು ಮುಂದಿನ ಎಂಜಿನ್ನಿಗೆ ಎಳೆದು ತರುವ ಸಣ್ಣ ಸಾಮಾನು. ಆ ಕಾಲದ ಬಹಳಷ್ಟು ಕಾರುಗಳಲ್ಲಿ ಅದು ಎಂಜಿನ್ನಿನ ಜೊತೆಗೇ ತಾನೂ ಆಡುತ್ತಿತ್ತು. ನಮ್ಮದು ಮಾತ್ರ ಬ್ಯಾಟರಿಯ ಕರೆಂಟಿನ ಮೇಲೆ ನಡೆಯುವಂಥದ್ದು. ಬಾನೆಟ್ ಎತ್ತಿದರೆ ಒಳಗೋಡೆಗೆ ಹೊಂದಿ ಕೂತಿರುತ್ತಿತ್ತು, ಕರಿ ಟೊಪ್ಪಿಗೆ ಹಾಕಿಕೊಂಡು, ಹಿತ್ತಾಳೆ ತಂಬಿಗೆಗಿಂತ ಸಣ್ಣದು. ಕೀಲಿ ತಿರುವಿದರೆ ಸಾಕು, ಎಂಜಿನ್ ಇನ್ನೂ ಎಚ್ಚರಾಗುವ ಮೊದಲೇ ಟಿಕ್ ಟಿಕ್ ಟಿಕ್ ಎಂದು ಬಡಿಯಲು ಶುರು ಮಾಡುತ್ತಿತ್ತು.

ಗಾಡಿ ಅಪ್ಪನದು. ನಾವು ಬೆಟಗೇರಿಯ ನೇಕಾರರು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಮ್ಮ ಓಣಿಯಲ್ಲಿ ಕಾರು ಎಂದರೆ ಮದುವೆಯಲ್ಲಿ ಮದುಮಗ ಕೂಡುವ ವಸ್ತು, ಅದೂ ಬಾಡಿಗೆಯದು. ಗದಗಿನಲ್ಲಿ ದಲಾಲಿ ವ್ಯಾಪಾರದ ಅಡತಿ ಅಂಗಡಿಯ ಸಾಹುಕಾರರೊಬ್ಬರು ಹೊಸ ಕಾರು ತರಿಸಿದಾಗ, ಅವರ ಹಿತ್ತಲಲ್ಲಿ ಕೋಳಿಗಳಿಗೆ ಮನೆಯಾಗಿದ್ದ ಹಳೆಯದು ಹೇಗೋ ಅಪ್ಪನ ಪಾಲಿಗೆ ಬಂತು. ವಿಲಾಯತಿ ಗಾಡಿ, ಗುಂಡಗೆ, ಬೂದು ಬಣ್ಣ. ಅಪ್ಪ ಅದರ ಹಿಂದಿನ ಸೀಟಿನಲ್ಲಿ ಸೀರೆಯ ಗಂಟು ಹೇರಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆ ಹೋಗಿ ಕೊಟ್ಟು ಬರುತ್ತಿದ್ದ. ಮೊದಲೆಲ್ಲ ಬಸ್ಸಿನ ಮೇಲೆ ಗಂಟು ಹಾಕಿ, ಮಳೆ ಬಂದರೆ ಅದರ ಮೇಲೆ ತಾನೇ ತಾಡಪತ್ರಿ ಹೊದಿಸಲು ಏರುತ್ತಿದ್ದ ಮನುಷ್ಯ. ಈಗ ಸ್ಟೇರಿಂಗ್ ಹಿಡಿದು ಅಂಗಡಿಯ ಮೆಟ್ಟಿಲಿಗೇ ಗಾಡಿ ಹಚ್ಚುತ್ತಿದ್ದ. ಅವನ ಬಾಳಿನಲ್ಲಿ ಇದ್ದ ಒಂದೇ ಒಂದು ಡೌಲು ಅದು. ಬಿಳಿ ಟೊಪ್ಪಿಗೆಯನ್ನು ಗಾಡಿಯಲ್ಲಿ ಕೂತಾಗ ತುಸು ಓರೆಯಾಗಿ ಇಡುತ್ತಿದ್ದ. ಇಳಿದ ಮೇಲೆ ನೆಟ್ಟಗೆ ಮಾಡಿಕೊಳ್ಳುತ್ತಿದ್ದ.

ಅವ್ವನಿಗೆ ಗಾಡಿ ಕಂಡರೆ ಆಗುತ್ತಿರಲಿಲ್ಲ. ಪೆಟ್ರೋಲಿನ ವಾಸನೆಗೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಜೊತೆಗೆ ಮನೆಯ ಮುಂದಿನ ಕಟ್ಟೆಯ ಬಳಿ ಗಾಡಿ ನಿಂತದ್ದರಿಂದ ನೂಲು ಒಣಹಾಕುವ ಜಾಗ ಹೋಗಿತ್ತು. "ಬಣ್ಣಾ ಹಾಕಿದ ನೂಲು ನಾ ಎಲ್ಲಿ ಹರವಲಿ, ನಿಮ್ಮ ಗಾಡಿ ನೆತ್ತಿ ಮ್ಯಾಲೇನು?" ಎಂದು ಒಮ್ಮೆ ಕೇಳಿದಳು. ಅಪ್ಪ ಉತ್ತರ ಕೊಡಲಿಲ್ಲ. ಅವ್ವ ಖರೇನೇ ಹರವಿದಳು. ಆ ದಿನ ಮುಂಡರಗಿಗೆ ಹೊರಟ ಗಾಡಿಯ ನೆತ್ತಿಯ ಮೇಲೆ ಕೆಂಪು ಎಳೆಗಳ ಗುರುತು ಮೂಡಿ, ಅಲ್ಲಿಯ ಅಂಗಡಿಕಾರರು ಯಾರ ಮದುವೆಗೆ ಹೊರಟಿದ್ದೀರಿ ಎಂದು ಕೇಳಿದರಂತೆ.

ಉತ್ತರ ಕೊಡದಿರುವುದು ಅಪ್ಪನ ಬಗ್ಗೆ ಅವ್ವನ ಕಾಯಂ ದೂರು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಊಟಕ್ಕೆ ಬಾ ಎಂದರೆ ಎದುರಿಗೆ ಹೋಗಿಯೇ ಹೇಳಬೇಕು. ನೇಕಾರರ ಮನೆಯಲ್ಲಿ ಇದು ದೊಡ್ಡ ಮಾತಲ್ಲ. ನಮ್ಮ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದನ್ನು ನಾನು ಕಂಡಿಲ್ಲ. ಒಂದು ಕಡೆ ಕೈಮಗ್ಗದ ಖಟ್ ಖಟ್, ಇನ್ನೊಂದು ಕಡೆ ಕರೆಂಟಿನ ಮಗ್ಗಗಳ ಭರಾಟೆ. ಉಪ್ಪು ಕೇಳಲು ಬಂದವರೂ ಜಗಳಕ್ಕೆ ಬಂದವರ ಹಾಗೆ ಕೂಗಬೇಕು. ನಾನು ಗದಗಿನ ಕಾಲೇಜಿಗೆ ಸೇರಿದ ಹೊಸದರಲ್ಲಿ ಪಕ್ಕದ ಹುಡುಗಿ, "ನೀ ಯಾಕ ನನಗ ಬೈತಿ?" ಎಂದು ಅತ್ತೇಬಿಟ್ಟಿದ್ದಳು. ನಾನು ಕೇಳಿದ್ದು ಪೆನ್ನು ಇದೆಯೇ ಎಂದು. ಅಪ್ಪ ಕರೆಂಟಿನ ಮಗ್ಗಗಳ ನಡುವೆ ನಿಂತೇ ತಲೆ ಬೆಳ್ಳಗೆ ಮಾಡಿಕೊಂಡವನು. ಅವನ ದನಿ ಓಣಿಯಲ್ಲೇ ದೊಡ್ಡದು. ಗಂಡಸಿನ ದನಿ ಎಂದರೆ ಹೀಗಿರಬೇಕು ಎಂದು ನಾವು ತಿಳಿದಿದ್ದೆವು.

ಪಂಪು ಮೊದಲ ಸಲ ಕೈಕೊಟ್ಟದ್ದು ಶಿಗ್ಲಿಯಲ್ಲಿ. ಅಲ್ಲಿ ಒಂದು ಮನೆಯವರ ಮದುವೆಗೆ ಸೀರೆ ಕೊಡಬೇಕಿತ್ತು. ಅಪ್ಪ ಅವ್ವನನ್ನೂ ನನ್ನನ್ನೂ ಕರೆದುಕೊಂಡು ಹೊರಟಿದ್ದ, ಹೆಣ್ಣುಮಕ್ಕಳಿದ್ದರೆ ಸೀರೆ ಬಿಚ್ಚಿ ತೋರಿಸಲು ಅನುಕೂಲ ಎಂದು. ಊರು ಇನ್ನೇನು ಬಂತು ಎನ್ನುವಾಗ ಗಾಡಿ ಒಂದೆರಡು ಸಲ ಬಿಕ್ಕಿ ನಿಂತುಬಿಟ್ಟಿತು. ಹೊಲದಿಂದ ಮನೆಗೆ ಹೋಗುತ್ತಿದ್ದವರೆಲ್ಲ ಬಂದು ಸುತ್ತುಗಟ್ಟಿದರು. ಕೆಟ್ಟ ಗಾಡಿಯ ಮುಂದೆ ನಿಂತ ಮನುಷ್ಯನಿಗೆ ಕಾಯಿಲೆಯ ಹೆಸರು ತಿಳಿಯದೆ ಇರುವುದು ನಮ್ಮ ಕಡೆ ಸಾಧ್ಯವಿಲ್ಲ. ಒಬ್ಬ ಬ್ಯಾಟರಿ ಎಂದ. ಒಬ್ಬ ಪೆಟ್ರೋಲಿನಲ್ಲಿ ಕಸ ಎಂದ. ಎತ್ತಿನ ಹಗ್ಗ ಹಿಡಿದಿದ್ದ ಮುದುಕಪ್ಪ, "ದೃಷ್ಟಿ ಆಗೇತ್ರಿ, ಚಂದ ಐತಿ ಗಾಡಿ" ಎಂದ. ಅಪ್ಪನಿಗೆ ಕೆಟ್ಟದ್ದರ ದುಃಖ ಆ ಮಾತಿನಿಂದ ಅರ್ಧ ಇಳಿಯಿತು. ಆಮೇಲೆ ಎಲ್ಲರೂ ಸೇರಿ ದಬ್ಬಿದರು. ಪೆಟ್ರೋಲೇ ಬರದ ಗಾಡಿಯನ್ನು ಊರಾಚೆಯ ತನಕ ದಬ್ಬಿದರೂ ಅದು ಚಾಲೂ ಆಗುವುದಿಲ್ಲ ಎಂದು ನಮಗಾರಿಗೂ ಹೊಳೆಯಲಿಲ್ಲ. ನಾನೂ ದಬ್ಬಿದೆ. ಸೀರೆಯ ಗಂಟು ಒಳಗೇ ಇತ್ತು, ಅವ್ವನೂ ಒಳಗೇ ಇದ್ದಳು.

ಕೊನೆಗೆ ಅಪ್ಪ ಬಾನೆಟ್ ಎತ್ತಿ, ಸೀಟಿನ ಕೆಳಗೆ ಯಾವಾಗಲೂ ಬಿದ್ದಿರುತ್ತಿದ್ದ ಮಗ್ಗದ ಹಳೆಯ ಲಾಳಿಯನ್ನು ತೆಗೆದು, ಅದರ ಕಟ್ಟಿಗೆಯ ಬೆನ್ನಿನಿಂದ ಪಂಪಿನ ತಲೆಗೆ ಎರಡು ಕುಟ್ಟಿದ. ಮಗ್ಗ ನಡುವೆ ಸಿಕ್ಕಿ ನಿಂತರೂ ಅವನು ಹಾಗೇ ಕುಟ್ಟುತ್ತಿದ್ದ. ಪಂಪು ಬಡಿಯಿತು. ಗಾಡಿ ಹೊರಟಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಕುಟ್ಟುತ್ತ ಹೋಗುತ್ತ ಸೀರೆ ಕೊಟ್ಟು, ಕುಟ್ಟುತ್ತ ಹೋಗುತ್ತ ಲಕ್ಷ್ಮೇಶ್ವರ ಮುಟ್ಟಿದೆವು.

ಲಕ್ಷ್ಮೇಶ್ವರದಲ್ಲಿ ಮಕ್ಬೂಲಸಾಬ ಎಂಬ ಮೇಸ್ತ್ರಿ ಇದ್ದ. ಬಸ್‌ಸ್ಟ್ಯಾಂಡಿನ ಹಿಂದೆ ಬೇವಿನ ಗಿಡದ ಕೆಳಗೆ ಅವನ ಗ್ಯಾರೇಜು. ಮಾತು ಬಹಳ. ಒಂದು ಬೋಲ್ಟ್ ಬಿಚ್ಚುವಷ್ಟರಲ್ಲಿ ತನ್ನ ಮೂವರು ಅಳಿಯಂದಿರ ಸುದ್ದಿ ಮುಗಿಸುತ್ತಿದ್ದ. ಅವನು ಮೊದಲು ಟಾಕಿಯಲ್ಲಿ ಕಡ್ಡಿ ಇಳಿಸಿ ಪೆಟ್ರೋಲು ಇದೆಯೆಂದು ಖಾತ್ರಿ ಮಾಡಿಕೊಂಡ. ಎಂಜಿನ್ನಿಗೆ ಹೋಗುವ ನಳಿಗೆಯನ್ನು ಬಿಚ್ಚಿ ಅದರ ಬಾಯನ್ನು ಒಂದು ಬಾಟಲಿಗೆ ಇಟ್ಟು ನನಗೆ ಕೀಲಿ ತಿರುವಲು ಹೇಳಿದ. ಒಂದು ಹನಿಯೂ ಬರಲಿಲ್ಲ. ಪಂಪಿಗೆ ಬರುವ ತಂತಿಗೆ ಸಣ್ಣ ಬಲ್ಬು ಹಿಡಿದ. ಬಲ್ಬು ಹತ್ತಿತು. "ಟಾಕಿ ಸುದ್ದ ಐತಿ, ತಂತಿ ಸುದ್ದ ಐತಿ. ನಡುವ ಕುಂತಾವಂದ ದಗಲಬಾಜಿ" ಎಂದು ಪಂಪಿನ ಟೊಪ್ಪಿಗೆ ತೆಗೆದ. ಒಳಗೆ ಎರಡು ಪುಟ್ಟ ಲೋಹದ ತುಟಿಗಳು ಕೂಡಿ ಬಿಟ್ಟು ಮಾಡಬೇಕು, ಅದರಿಂದಲೇ ಬಡಿತ. ಅವು ಸುಟ್ಟು ಕರ್ರಗಾಗಿದ್ದವು. ಮಕ್ಬೂಲಸಾಬ ಪಾಲಿಶ್ ಕಾಗದದಿಂದ ಅವನ್ನು ಉಜ್ಜಿ, ಊದಿ, ಮತ್ತೆ ಕೂಡಿಸಿದ. ಟಿಕ್ ಟಿಕ್ ಟಿಕ್ ಎಂದು ಬಡಿದು ಬಾಟಲಿಗೆ ಪೆಟ್ರೋಲು ಚಿಮ್ಮಿತು.

ಹೊರಡುವಾಗ ಅವನು ಅಪ್ಪನ ಎದುರು ನಿಂತು ಬೆರಳೆತ್ತಿ ಹೇಳಿದ: "ಅಣ್ಣಾರ, ಇದು ಹಳೇ ಸಾಮಾನು. ಮತ್ತ ಯಾವಾಗರ ಕೈ ಕೊಡತೈತಿ. ಕೀಲಿ ತಿರುವಿದ ಕೂಡಲೇ ಜಲ್ದಿ ಜಲ್ದಿ ಬಡೀಬೇಕು. ಹೊಟ್ಟಿ ತುಂಬಿದ ಮ್ಯಾಲೆ ಸಾವಕಾಶ ನಡುನಡುವ ಒಂದೊಂದು ಬಡೀತಿರತೈತಿ, ಯಾಕಂದ್ರ ನಿಮ್ಮ ಕಾರ್ಬೊರೇಟರಿನ ಸೂಜಿ ಸವದೈತಿ. ಬಡಿತ ಕೇಳಸ್ತೋ, ಹೊಂಡ್ರಿ. ಕೇಳಸಲಿಲ್ಲೋ, ಗಾಡಿ ಹೊರಗ ತಗೀಬ್ಯಾಡ್ರಿ."

ಅಪ್ಪ ಇದನ್ನು ಗುರುಮಂತ್ರದ ಹಾಗೆ ತೆಗೆದುಕೊಂಡ. ಅಲ್ಲಿಂದಲೇ ನಮ್ಮ ಮನೆಯ ಪಜೀತಿ ಶುರುವಾದದ್ದು.

ಗಂಟು ಹೇರುವ ದಿನ ಬೆಳಗ್ಗೆ ನಾನು ಕೀಲಿ ತಿರುವಬೇಕು, ಅಪ್ಪ ಬಾನೆಟ್ ಎತ್ತಿ ಪಂಪಿಗೆ ಕಿವಿ ಹಚ್ಚಬೇಕು. "ಕೇಳಸವಲ್ದು" ಎನ್ನುತ್ತಿದ್ದ. ಟೊಪ್ಪಿಗೆ ಬಿಚ್ಚಿ ಉಜ್ಜುತ್ತಿದ್ದ, ಮತ್ತೆ ಕಿವಿ ಹಚ್ಚುತ್ತಿದ್ದ. "ಇಲ್ಲ." ಒಳಗೆ ಕೂತ ನನಗೂ ಏನೂ ಕೇಳಿಸುತ್ತಿರಲಿಲ್ಲ, ಓಣಿಯ ಎರಡೂ ಬದಿಗೆ ಮಗ್ಗಗಳು ಹರದಾರಿ ದೂರ ಕೇಳುವ ಹಾಗೆ ಬಡಿದುಕೊಳ್ಳುತ್ತಿದ್ದವು. ಎಂಜಿನ್ ಮಾತ್ರ ಚಾಲೂ ಆಗುತ್ತಿತ್ತು. ನಾನು ಅದನ್ನು ತೋರಿಸಿದರೆ ಅಪ್ಪ ಒಪ್ಪುತ್ತಿರಲಿಲ್ಲ. "ಕಾರ್ಬೊರೇಟರಿನ ಬಟ್ಟಲದಾಗ ಉಳಿದ ಪೆಟ್ರೋಲು ಸುಡೂತನಾ ಹೆಣಾನೂ ಓಡತೈತಿ. ಕುರ್ತಕೋಟಿ ಎರಿ ಹೊಲದಾಗ ನಿಂತ್ರ ನೀ ದಬ್ಬತಿಯೇನು?" ಎನ್ನುತ್ತಿದ್ದ. ಶಿಗ್ಲಿಯಲ್ಲಿ ದಬ್ಬಿದವಳೇ ಆದ್ದರಿಂದ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಬಾಟಲಿಯ ಪರೀಕ್ಷೆಯೂ ಆಯಿತು. ಪೆಟ್ರೋಲು ಬಂತು. "ಬಡಿತ ಇಲ್ದನ ಬಂತು. ಇದು ಕಡೀ ಉಸಿರು" ಎಂದ ಅಪ್ಪ. ಗಂಟು ಮತ್ತೆ ಬಸ್ಸೇರಿತು.

ಒಂದು ದಿನ ಅವನು ಪಂಪನ್ನೇ ಬಿಚ್ಚಿ, ಪಂಜೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಒಯ್ದ. ಜೊತೆಗೆ ನಾನು. ಕೂಸನ್ನು ಡಾಕ್ಟರರ ಬಳಿ ಒಯ್ಯುವ ತಾಯಿಯ ಹಾಗೆ ಅಪ್ಪ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬಸ್ಸಿನ ತುಂಬ ಪೆಟ್ರೋಲಿನ ವಾಸನೆ. ಕಂಡಕ್ಟರ್ ಮೂಗು ಹಿಡಿದು, "ಯಜಮಾನ್ರ, ಏನೈತ್ರಿ ಅದು?" ಎಂದರೆ ಅಪ್ಪ, "ಹ್ಞಾಂ, ಲಕ್ಷ್ಮೇಶ್ವರಕ್ಕ" ಎಂದು ಟಿಕೀಟಿನ ಚಿಲ್ಲರೆ ಮುಂದೆ ಹಿಡಿದ. ಕಂಡಕ್ಟರ್ ನನ್ನ ಮುಖ ನೋಡಿದ. ಬೇಕಂತಲೇ ತಪ್ಪಿಸಿಕೊಂಡನೆಂದು ನಾನೂ ನಗು ತಡೆದುಕೊಂಡೆ.

ಮಕ್ಬೂಲಸಾಬ ಪಂಪಿನ ತಂತಿಯನ್ನು ಬೆಂಚಿನ ಮೇಲಿನ ಬ್ಯಾಟರಿಗೆ ಹಚ್ಚಿದ. ಅಕ್ಕಪಕ್ಕ ಸ್ಪಾನರ್ ಬಡಿಯುವ ಗದ್ದಲವಿದ್ದರೂ ಪಂಪು ಗಟ್ಟಿಯಾಗಿ ಬಡಿಯಿತು. ಟೊಪ್ಪಿಗೆ ತೆಗೆದಿದ್ದರಿಂದ ತುಟಿಗಳ ನಡುವೆ ಕಿಡಿ ಹಾರುವುದೂ ಕಾಣುತ್ತಿತ್ತು. ಅಪ್ಪ ಅದನ್ನು ನೋಡಿ ಸೈ ಎಂಬಂತೆ ತಲೆಯಾಡಿಸಿದ. ಮನೆಗೆ ತಂದು ಕೂಡಿಸಿದರೆ ಮತ್ತೆ ಅದೇ ರಾಗ, "ಕೇಳಸವಲ್ದು." ಇನ್ನೊಮ್ಮೆ ಒಯ್ದೆವು. ಅಲ್ಲಿ ಮತ್ತೆ ಬಡಿಯಿತು. ಮಕ್ಬೂಲಸಾಬ ಸೋತು ಹಣೆ ಒರೆಸಿಕೊಂಡು, "ಇದು ತವರ್ಮನ್ಯಾಗ ನಗತೈತ್ರಿ, ಗಂಡನ ಮನ್ಯಾಗ ಮಾರಿ ಊದಸತೈತಿ. ಬ್ಯಾನಿ ಪಂಪಿಂದಲ್ಲ, ಬೆಟಗೇರಿದು. ನಿಮ್ಮ ಮಗ್ಗದ ಗದ್ದಲದಾಗ ಆನೀ ಕೂಗಿದ್ರೂ ಕೇಳಸಂಗಿಲ್ಲ. ಗಾಡಿ ಬಯಲಿಗೆ ದಬ್ಬಿಸಿ ಕೇಳ್ರಿ" ಎಂದ.

ದಬ್ಬಿಸಲು ಅಪ್ಪ ಸುತರಾಂ ಒಪ್ಪಲಿಲ್ಲ. ಓಣಿಯ ಮಂದಿ ಗಾಡಿ ದಬ್ಬಿದರೆ ಮರುದಿನ ಇಡೀ ಬೆಟಗೇರಿಯಲ್ಲಿ ಅವನ ಗಾಡಿ ಸತ್ತಿತೆಂಬ ಖಬರು ಹಬ್ಬುತ್ತದೆ ಎಂಬುದು ಅವನ ಭಯ. ಅಮಾವಾಸ್ಯೆಗೆ ಮಗ್ಗಗಳು ನಿಲ್ಲುತ್ತಿದ್ದವು, ಆದರೆ ಆ ದಿನ ಹತಾರಗಳಿಗೆ ಪೂಜೆ, ಅಪ್ಪ ಸ್ಕ್ರೂಡ್ರೈವರ್ ಕೂಡ ಮುಟ್ಟುತ್ತಿರಲಿಲ್ಲ. ಕರೆಂಟು ಹೋದರೆ ಕರೆಂಟಿನ ಮಗ್ಗಗಳಷ್ಟೇ ನಿಲ್ಲುತ್ತಿದ್ದವು, ಕೈಮಗ್ಗಗಳಿಗೆ ಕರೆಂಟಿನ ಹಂಗೇನಿದೆ? ಹೀಗೆ ಗಾಡಿ ಮನೆಯ ಮುಂದೆ ಕೂತಿತು. ಗಾಳಿ ಇಳಿದ ಗಾಲಿಯ ನೆರಳಿನಲ್ಲಿ ಓಣಿಯ ನಾಯಿ ಮರಿ ಹಾಕಿತು. ಅಪ್ಪ ಮತ್ತೆ ಬಸ್ಸಿನ ನೆತ್ತಿಗೆ ಗಂಟು ಏರಿಸತೊಡಗಿದ. ಟೊಪ್ಪಿಗೆಯೂ ಓರೆಯಾಗುವುದನ್ನು ಬಿಟ್ಟಿತ್ತು. ನನಗೆ ಅವನನ್ನು ನೋಡಿದರೆ ಕೆಡುಕೆನಿಸುತ್ತಿತ್ತು.

ಈ ಹೊತ್ತಿಗೆ ಹಿರೇವಡ್ಡಟ್ಟಿಯಿಂದ ಫಕೀರಪ್ಪ ಮಾವ ಬಂದ. ಅವ್ವನ ತಮ್ಮ. ಅವರ ಮನೆಯವರು ಮಗ್ಗ ಬಿಟ್ಟು ಹೊಲ ಹಿಡಿದವರು. ಮಾವನ ಬಾವಿಯಲ್ಲಿ ನೀರಿತ್ತು, ಎತ್ತಲು ಕರೆಂಟಿನ ಕಂಬ ಇನ್ನೂ ಬಂದಿರಲಿಲ್ಲ. ಹಳೆ ಕಾರಿನ ಎಂಜಿನ್ ಬಿಚ್ಚಿ ಬಾವಿಯ ದಂಡೆಗೆ ಕೂಡಿಸಿ, ಸೀಮೆಎಣ್ಣೆಯ ಮೇಲೆ ಓಡಿಸಿ ನೀರೆತ್ತುವುದು ಆಗ ನಮ್ಮ ಸೀಮೆಯಲ್ಲಿ ಹೊಸ ಉಮೇದಿಯಾಗಿತ್ತು. ಮಾವ ಗಾಡಿಯ ಸುತ್ತ ಒಂದು ಸುತ್ತು ಬಂದು, ನಾಯಿಮರಿಗಳನ್ನು ದಾಟಿ, ಅವ್ವನಿಗೆ ಹೇಳಿದ: "ಅಕ್ಕಾ, ಇದು ಹಿಂಗ ನಿಂತು ತುಕ್ಕ ಹಿಡಿಯೂದಕ್ಕಿಂತ ಎಂಜಿನ್ ನನಗ ಕೊಡ್ರಿ. ತಗಡ ಬೇಕಾದ್ರ ಇಲ್ಲೇ ಇರಲಿ, ಕೋಳಿ ಸಾಕ್ಕೊರಿ."

ಅವ್ವನ ಮುಖ ಅರಳಿತು. ನೂಲು ಹರವುವ ಜಾಗ ಅವಳ ಕಣ್ಣ ಮುಂದೆ ಬಂದಿರಬೇಕು. ಅಪ್ಪನ ಎದುರು ಹೋಗಿ ನಿಂತು ಮಾವನ ಮಾತು ಹೇಳಿದಳು. ಅಪ್ಪ ಊಟದ ತಾಟಿನ ಮುಂದೆ ಕೂತವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಆಮೇಲೆ, "ಪಂಪ್ ಒಂದು ಸಲ ಬಡಿದದ್ದು ಕೇಳಸಲಿ, ಗಾಡಿ ಇಟ್ಕೋತೀನಿ. ಇಲ್ಲಾಂದ್ರ ಒಯ್ಯಲಿ" ಎಂದ.

"ಈ ಗದ್ದಲದಾಗ ಹೆಂಗ ಕೇಳಸತೈತ್ರಿ?"

"ಅದಕ್ಕ ನಾ ಏನು ಮಾಡಲಿ?"

"ಆತು. ಓಣಿ ಮಗ್ಗ ನಾ ನಿಂದ್ರಸ್ತೀನಿ. ಬಡಿತೋ, ಗಾಡಿ ನಿಮ್ದು. ನಾ ಮತ್ತ ಬಾಯಿ ತಗಿಯಂಗಿಲ್ಲ. ಬಡೀಲಿಲ್ಲೋ, ನಮ್ಮ ಫಕೀರಪ್ಪ ಇವತ್ತ ಎಂಜಿನ್ ಬಿಚ್ಚತಾನ. ನೀವು ಬಾಯಿ ತಗೀಬಾರ್ದು."

ಅವ್ವ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಓಣಿಯ ಒಂದೊಂದು ಬಾಗಿಲಿಗೂ ಹೋಗಿ, ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸಿ, ನಮ್ಮವರು ಪಂಪು ಕೇಳಬೇಕು ಎಂದು ಹೇಳಿ ಬಂದಳು. ನಕ್ಕರು, ಆದರೂ ಒಪ್ಪಿದರು. ಮಾವ ಸ್ಪಾನರುಗಳ ಚೀಲ ಬಿಚ್ಚಿ ಕಟ್ಟೆಯ ಮೇಲೆ ಹರವಿಕೊಂಡು ಕೂತ. ಒಂದೊಂದೇ ಮಗ್ಗ ನಿಂತಿತು. ಕೊನೆಯದೂ ನಿಂತಾಗ ನನಗೆ ಕಿವಿಯಲ್ಲಿ ಹತ್ತಿ ತುರುಕಿದ ಹಾಗಾಯಿತು. ನಮ್ಮ ಓಣಿಯಲ್ಲಿ ಕಾಗೆ ಕೂಗುತ್ತದೆ ಎಂಬುದು ನನಗೆ ಗೊತ್ತಾದದ್ದು ಆವತ್ತು.

ಒಂದು ಮಾತು ಮಾತ್ರ ಅವ್ವನಿಗೂ ನಮಗೂ ಮರೆತುಹೋಗಿತ್ತು. ದುಡಿಯುವ ದಿನ ಹಗಲಿನಲ್ಲಿ ಬೆಟಗೇರಿಯ ಓಣಿಯೊಂದರ ಮಗ್ಗಗಳೆಲ್ಲ ಒಟ್ಟಿಗೆ ನಿಂತವೆಂದರೆ ಅದಕ್ಕೆ ಒಂದೇ ಅರ್ಥ. ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಹೆಣ ಎತ್ತುವ ತನಕ ಯಾರೂ ಮಗ್ಗ ಮುಟ್ಟುವುದಿಲ್ಲ, ಅದನ್ನು ಯಾರೂ ಬಂದು ಹೇಳಬೇಕಾಗಿಯೂ ಇಲ್ಲ, ಸಪ್ಪಳ ನಿಂತದ್ದೇ ಸುದ್ದಿ. ಅವ್ವ ನಮ್ಮ ಓಣಿಗೆ ಹೇಳಿದ್ದಳು, ಪಕ್ಕದ ಓಣಿಗೆ ಹೇಳಿರಲಿಲ್ಲ. ಅವರು ರೀತಿಯ ಪ್ರಕಾರ ತಮ್ಮ ಮಗ್ಗಗಳನ್ನೂ ನಿಲ್ಲಿಸಿದರು. ಅದರಾಚೆಯ ಓಣಿಯವರು ಇವರದು ನಿಂತದ್ದು ಕೇಳಿ ತಮ್ಮವನ್ನು ನಿಲ್ಲಿಸಿದರು. ಹಾಗೆ ಹಬ್ಬುತ್ತ ಹೋಗಿ, ನಾನು ಗಾಡಿಯಲ್ಲಿ ಕೂತು ಕೀಲಿ ತೂರಿಸುವಷ್ಟರಲ್ಲಿ ನಮ್ಮ ಭಾಗವೆಲ್ಲ ಸ್ತಬ್ಧವಾಗಿತ್ತು. ಜನ ಬರತೊಡಗಿದರು. ಗಂಡಸರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು. ಎಲ್ಲರಿಗಿಂತ ಮುಂದೆ ಆಚೆ ಓಣಿಯ ಗಂಗವ್ವ ಆಯಿ. ಯಾರ ಸಾವಿದ್ದರೂ ಅಳಲು ಮೊದಲ ದನಿ ತೆಗೆಯುವವಳು ಅವಳೇ. ಅರ್ಧ ದನಿ ತೆಗೆದೇ ಬಿಟ್ಟಿದ್ದಳು. ಅಪ್ಪ ಬಾನೆಟ್ಟಿನೊಳಗೆ ಬಗ್ಗಿದ್ದನ್ನು ಕಂಡು ನಿಂತು, "ಯವ್ವಾ, ಯಾರು ಹ್ವಾದ್ರವಾ?" ಎಂದು ಅವ್ವನನ್ನು ಕೇಳಿದಳು.

"ಯಾರೂ ಹೋಗಿಲ್ಲ ಬೇ. ಪಂಪ್ ಕೇಳಾಕತ್ತೇವಿ" ಎಂದಳು ಅವ್ವ.

"ಯಾವ ಪಂಪ?"

ಅವ್ವನಿಗೆ ನಗು ಬಂತು. ಫಕೀರಪ್ಪ ಮಾವ ಬಾಯಿಗೆ ಟವೆಲ್ಲು ಒತ್ತಿಕೊಂಡ. ಸತ್ತವರಾರೂ ಇಲ್ಲ ಎಂದು ತಿಳಿದ ಮೇಲೂ ಬಂದವರು ತಿರುಗಿ ಹೋಗಲಿಲ್ಲ. ಬಂದದ್ದು ಬಂದಿದ್ದೇವೆ, ಪಂಪನ್ನಾದರೂ ನೋಡಿ ಹೋಗೋಣ ಎಂದು ಗಾಡಿಯ ಸುತ್ತ ನಿಂತರು. ಅಪ್ಪ ಇದಾವುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪಂಪಿನ ಕರಿ ಟೊಪ್ಪಿಗೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದ ನನಗೆ ಕೈಯೆತ್ತಿ ತೋರಿಸಿದ. ನಾನು ಕೀಲಿ ತಿರುವಿದೆ.

ಟಿಕ್ ಟಿಕ್ ಟಿಕ್ ಟಿಕ್.

ಎಷ್ಟು ಸ್ಪಷ್ಟ! ಒಳಗೆ ಕೂತ ನನಗೆ ಕೇಳಿಸಿತು. ಕಟ್ಟೆಯ ಮೇಲಿದ್ದ ಮಾವನಿಗೆ ಕೇಳಿಸಿತು, ಅವನು ಸ್ಪಾನರನ್ನು ಕೆಳಗಿಟ್ಟ. ಗಂಗವ್ವ ಆಯಿಗೂ ಕೇಳಿಸಿತು, "ಹೌದವಾ, ಗಡಿಯಾರ ಬಡದಂಗ ಬಡೀತೈತಿ" ಎಂದಳು. ಸುತ್ತ ನಿಂತವರ ಮುಖದ ಮೇಲೆಲ್ಲ ನಗು. ನನಗಂತೂ ಸೀಟಿನ ಮೇಲೇ ಕುಣಿಯುವಂತಾಯಿತು. ಬಡಿತ ಬರಬರುತ್ತ ಸಾವಕಾಶವಾಗಿ, ಮಕ್ಬೂಲಸಾಬ ಹೇಳಿದ ಹಾಗೇ ನಡುನಡುವೆ ಒಂದೊಂದಾಯಿತು.

ಅಪ್ಪ ತಲೆ ಎತ್ತಿದ. ಗ್ರೀಸು ಮೆತ್ತಿದ ಕಿವಿಯನ್ನು ಅರಿವೆಯಿಂದ ಒರೆಸಿಕೊಂಡ.

"ಏನೂ ಇಲ್ಲ. ಸತ್ತೈತಿ" ಎಂದ.

ಆ ಮೌನದಲ್ಲಿ ಅವನ ದನಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ ಗೋಡೆಯ ಮೇಲಿದ್ದ ಪಾರಿವಾಳಗಳು ಎದ್ದವು. ಮಗ್ಗದ ಗದ್ದಲದಲ್ಲಿ ಅದು ಎಂದೂ ನಮಗ್ಯಾರಿಗೂ ಅಷ್ಟು ದೊಡ್ಡದು ಎನಿಸಿರಲಿಲ್ಲ. ಪಂಪು ಇನ್ನೊಂದು ಸಲ ಟಿಕ್ ಎಂದಿತು. ನಗುತ್ತಿದ್ದವರ ನಗು ಹಾಗೇ ನಿಂತಿತು, ಒಬ್ಬೊಬ್ಬರಾಗಿ ಕಣ್ಣು ಕೆಳಗೆ ಹಾಕಿದರು. ಗಂಗವ್ವ ಆಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನನಗೆ ಬಸ್ಸಿನ ಕಂಡಕ್ಟರ್ ನೆನಪಾದ, ಅವನು ಕೇಳಿದ್ದು ಒಂದು, ಅಪ್ಪ ಹೇಳಿದ್ದು ಇನ್ನೊಂದು. ಅಪ್ಪ ಮಾತ್ರ ಎಲ್ಲರ ಮುಖ ನೋಡಿ, ತನ್ನ ಗಾಡಿಗಾಗಿ ಇಷ್ಟು ಮಂದಿ ದುಃಖಪಡುತ್ತಿದ್ದಾರೆಂದು ತಿಳಿದು, "ಇರಲಿ ಬಿಡ್ರಿ, ಹಳೇದಾಗಿತ್ತು" ಎಂದು ಅವರಿಗೇ ಸಮಾಧಾನ ಹೇಳಿದ.

ಮಾವ ಅವ್ವನ ಮುಖ ನೋಡಿದ. ಗಾಡಿ ಹೋಗಲಿ ಎಂದು ಅವ್ವನಿಗೆ ಎಷ್ಟು ಆಸೆಯಿತ್ತೆಂದು ನನಗೆ ಗೊತ್ತು. ಈಗ ಅವಳು ಸುಮ್ಮನಿದ್ದರೆ ಸಾಕಿತ್ತು. ಮಾತು ಮಾತೇ, ಗಾಡಿ ಹೋಗುತ್ತಿತ್ತು, ಅಪ್ಪನ ಮಾನವೂ ಮಂದಿಯ ಮುಂದೆ ಉಳಿಯುತ್ತಿತ್ತು. ಆದರೆ ಅವ್ವ ಜನರ ಕಡೆ ತಿರುಗಿ, "ಆತು, ಕೇಳಿದ್ದಾತು. ಎಲ್ಲಾರೂ ನಿಮ್ಮ ನಿಮ್ಮ ಮನಿಗೆ ಹೋಗ್ರಿ. ಮಗ್ಗ ಹಚ್ಚರಿ, ಹಚ್ಚರಿ" ಎಂದು ಕೈ ಬೀಸಿದಳು. ಜನ ಕರಗಿದರು. ನಮ್ಮ ಓಣಿಯಲ್ಲಿ ಒಂದು ಮಗ್ಗ ಎದ್ದಿತು, ಪಕ್ಕದಲ್ಲಿ ಇನ್ನೊಂದು, ಆಮೇಲೆ ಎಲ್ಲವೂ. ಪಂಪಿನ ಬಡಿತ ಮುಳುಗಿಹೋಯಿತು. ಈಗ ಅದು ಯಾರಿಗೂ ಕೇಳುವಂತಿರಲಿಲ್ಲ.

ನಾನು ಕೀಲಿ ಆರಿಸಲು ಹೋದೆ. ಬೇಡ ಎಂದು ಅವ್ವ ಸನ್ನೆ ಮಾಡಿದಳು. ಬಾನೆಟ್ಟಿನ ಬಳಿ ಬಂದು, ಅಪ್ಪನ ಕೈಯಲ್ಲಿದ್ದ ಅರಿವೆ ಕಸಿದು ಬದಿಗಿಟ್ಟು, ಅವನ ಬಲಗೈ ಹಿಡಿದು, ಬೆರಳುಗಳನ್ನು ಪಂಪಿನ ಟೊಪ್ಪಿಗೆಯ ಮೇಲೆ ಇರಿಸಿ ಮೇಲಿನಿಂದ ತನ್ನ ಕೈ ಒತ್ತಿದಳು. ಅಪ್ಪನ ಮುಖದಲ್ಲಿ ಮೊದಲು ಬೇಸರವಿತ್ತು, ಇವಳಿಗೇನು ತಿಳಿಯುತ್ತದೆ ಎಂಬಂತೆ. ಆಮೇಲೆ ಅದು ಹೋಯಿತು. ಕೈ ತೆಗೆದ, ಮತ್ತೆ ಇಟ್ಟ. ಬಗ್ಗಿ ಕಿವಿ ಹಚ್ಚಿದ, ಬೆರಳು ತೆಗೆಯಲಿಲ್ಲ. ಬೆರಳು ಒಂದು ಹೇಳುತ್ತಿತ್ತು, ಕಿವಿ ಒಂದು ಹೇಳುತ್ತಿತ್ತು. ಇನ್ನೊಂದು ಕಿವಿ ಹಚ್ಚಿ ನೋಡಿದ. ನಿಧಾನವಾಗಿ ನೆಟ್ಟಗಾದ.

"ನಿನಗ ಕೇಳಸಿತೇನು?" ಎಂದು ಅವ್ವನನ್ನು ಕೇಳಿದ. ಅವ್ವ ಹೌದೆಂದು ತಲೆಯಾಡಿಸಿದಳು.

"ಎಲ್ಲಾರಿಗೂ?"

ಅವ್ವ ಸೆರಗಿನ ತುದಿಯಿಂದ ಅವನ ಕಿವಿಯ ಮೇಲಿನ ಗ್ರೀಸು ಒರೆಸಿದಳು. ಹೊರಗೆ, ಹಗಲಿನಲ್ಲಿ, ಓಣಿಯಲ್ಲಿ ಅವಳು ಅವನನ್ನು ಮುಟ್ಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಅಳು ಬಂತು, ಗಾಜಿನ ಆಚೆ ನೋಡುತ್ತ ಕೂತೆ.

ಮಾವ ಏನಾಯಿತೆಂದು ತಿಳಿಯದೆ ಸ್ಪಾನರು ಹಿಡಿದುಕೊಂಡು ಬಂದ. "ಏನ್ರೀ ಮಾಮಾರ, ಬಿಚ್ಚಾಕ ಹಚ್ಚಲೇನು?" ಎಂದು ಕೂಗಿ ಕೇಳಿದ. ಅಪ್ಪ ಅವನ ತುಟಿಗಳನ್ನೇ ನೋಡುತ್ತಿದ್ದ. ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ಅದರ ಮೇಲೆ ಅಂಗೈ ಇಟ್ಟು, ಜೀವಮಾನದಲ್ಲಿ ಮೊದಲ ಸಲ ಎಂಬಷ್ಟು ಸಣ್ಣ ದನಿಯಲ್ಲಿ ಏನೋ ಹೇಳಿದ. ಅಷ್ಟು ಮಗ್ಗಗಳ ನಡುವೆ ಅದು ಮಾವನಿಗೆ ತಲುಪಲಿಲ್ಲ.

"ಆಂ?" ಎಂದ ಮಾವ.

ಅವ್ವ ಅವನ ಕಡೆ ತಿರುಗಿ, ಇಡೀ ಓಣಿಗೆ ಕೇಳುವ ಹಾಗೆ ಕೂಗಿ ಹೇಳಿದಳು: "ಪಂಪಿಂದೇನೂ ತಪ್ಪಿಲ್ಲಂತೋ! ಗಾಡಿ ಮನ್ಯಾಗ ಇರತೈತಿ!"